ಚರಂಡಿ ಕೆಸರನ್ನೂ ಮನೆಕಸವನ್ನೂ ಒಟ್ಟಿಗೆ ಸುಟ್ಟರೆ ನಿಜವಾಗಿಯೂ ಶಕ್ತಿ ಉಳಿಯುತ್ತದೆಯೇ?

ಎರೆಮಣ್ಣು

ಎಲ್ಲರಿಗೂ ಶರಣು. ಕಲಬುರಗಿಯ ನಮ್ಮ ಬಡಾವಣೆಯ ನಿವಾಸಿಗಳ ಸಭೆಯಲ್ಲಿ ಕಸದ ವಿಷಯ ಬಂದಾಗ ಹಿರಿಯರೊಬ್ಬರು ಒಂದು ಸಲಹೆ ಮುಂದಿಟ್ಟರು. ಒಳಚರಂಡಿಯ ನೀರನ್ನು ಶುದ್ಧೀಕರಿಸಿದ ಮೇಲೆ ಎಸ್‌ಟಿಪಿಯಲ್ಲಿ (ಚರಂಡಿ ನೀರು ಶುದ್ಧೀಕರಿಸುವ ಘಟಕದಲ್ಲಿ) ಉಳಿಯುವ ಕೆಸರನ್ನು ಬೇರೆಯಾಗಿ ಒಣಗಿಸಿ, ಬೇರೆಯಾಗಿ ಸಾಗಿಸಿ, ಬೇರೆಯಾಗಿ ಹೂಳುವ ಬದಲು ಮನೆಮನೆಯಿಂದ ಬರುವ ಕಸದ ಜೊತೆಗೇ ಸುಟ್ಟುಬಿಟ್ಟರೆ ಎರಡು ಪೀಡೆಗಳು ಒಮ್ಮೆಲೇ ತೊಲಗುತ್ತವೆ, ಮೇಲಾಗಿ ವಿದ್ಯುತ್ತೂ ಸಿಗುತ್ತದೆ, ಯುರೋಪಿನಲ್ಲಿ ಹೀಗೆಯೇ ನಡೆಯುತ್ತದೆ ಎಂದು ಅವರು ಹೇಳಿದರು. ಎಲ್ಲರೂ ತಲೆದೂಗಿದರು. ನನಗೆ ಮಾತ್ರ ಲೆಕ್ಕ ಕೂಡಿಬರಲಿಲ್ಲ.

ನನ್ನ ಅನುಮಾನ ಇಷ್ಟೇ. ಕೆಸರಿನಲ್ಲಿ ಬಹುಪಾಲು ನೀರೇ ಇರುತ್ತದೆ. ನಮ್ಮ ಮನೆಗಳ ಕಸದಲ್ಲಿಯೂ ಉಳಿದ ಅನ್ನ, ಸಾರು, ತರಕಾರಿ ಸಿಪ್ಪೆ, ಬೇಸಿಗೆಯಲ್ಲಿ ಕಲ್ಲಂಗಡಿ ಸಿಪ್ಪೆ, ಇವೇ ಹೆಚ್ಚು. ಹಸಿಯ ಮೇಲೆ ಹಸಿ ಸುರಿದು ಬೆಂಕಿ ಹಚ್ಚಿದರೆ ಶಕ್ತಿ ಉಳಿಯುತ್ತದೆಯೋ ಅಥವಾ ಬೆಂಕಿ ಆರದಂತೆ ನೋಡಿಕೊಳ್ಳುವುದಕ್ಕೇ ಡೀಸೆಲ್ ಸುಡಬೇಕಾಗುತ್ತದೆಯೋ? ಈ ಕೆಲಸ ಬಲ್ಲವರು ಅಂಕಿಗಳ ಸಮೇತ ತಿಳಿಸಿದರೆ ಮುಂದಿನ ಸಭೆಯಲ್ಲಿ ಮಾತನಾಡಲು ಅನುಕೂಲವಾಗುತ್ತದೆ. ದಯವಿಟ್ಟು ರಾಜಕೀಯ ಬೇಡ.

ಸೇಡಂ ರಸ್ತೆ

ರಾಜಕೀಯ ಬಿಟ್ಟು ಕಸದ ಬಗ್ಗೆ ಮಾತನಾಡುವುದು ಹೇಗೆಂದು ಮೊದಲು ತಿಳಿಸಿ ಸ್ವಾಮಿ. ಅದಿರಲಿ, ನಿಮ್ಮ ಹಿರಿಯರು ಹೇಳಿದ್ದರಲ್ಲಿ ತಪ್ಪೇನಿದೆ? ಎರಡನ್ನೂ ಹೇಗಿದ್ದರೂ ಊರ ಹೊರಗೆ ಸುರಿಯುತ್ತಿದ್ದೇವೆ, ಬೇಸಿಗೆಯಲ್ಲಿ ಕಸದ ಗುಡ್ಡೆ ತಾನಾಗಿಯೇ ಹೊತ್ತಿಕೊಂಡು ಹೊಗೆಯಾಡುತ್ತದೆ. ಆ ಹೊಗೆಗಿಂತ ಚಿಮಣಿ ಇರುವ ಕುಲುಮೆಯೇ ಮೇಲು.

ನಿವೃತ್ತ ಜೆಇ

ಎರೆಮಣ್ಣು ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಅಂಕಿಗಳನ್ನು ಕೊಡುತ್ತೇನೆ, ಕಾಗದ ಪೆನ್ನು ಹಿಡಿದು ನೋಡಿ.

ಎಸ್‌ಟಿಪಿಯ ತೊಟ್ಟಿಯಿಂದ ಹೊರಬರುವ ಕೆಸರಿನಲ್ಲಿ ನೂರಕ್ಕೆ 96ರಿಂದ 99 ಪಾಲು ನೀರಿರುತ್ತದೆ. ಅದನ್ನು ಕೆಸರಿನ ಕಣಗಳನ್ನು ಒಟ್ಟುಗೂಡಿಸುವ ಪಾಲಿಎಲೆಕ್ಟ್ರೊಲೈಟ್ ಎಂಬ ರಾಸಾಯನಿಕ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಅಥವಾ ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿದರೆ ಸಿಗುವ ‘ಕೇಕ್’ ಕೈಯಲ್ಲಿ ಹಿಡಿಯುವಷ್ಟು ಗಟ್ಟಿಯಾಗಿರುತ್ತದೆ, ಆದರೆ ಅದರಲ್ಲಿಯೂ 75ರಿಂದ 82 ಪಾಲು ನೀರೇ. ಸಭೆಗಳಲ್ಲಿ ಇದನ್ನೇ ‘ಒಣಗಿದ ಕೆಸರು’ ಎಂದು ತೋರಿಸುತ್ತಾರೆ; ಗಟ್ಟಿಯಾಗಿ ಕಂಡ ಮಾತ್ರಕ್ಕೆ ಅದು ಒಣಗಿದ್ದಲ್ಲ.

ಈಗ ಒಂದು ಕಿಲೊ ಕೇಕ್ ತೆಗೆದುಕೊಳ್ಳಿ. ಅದರಲ್ಲಿ 800 ಗ್ರಾಂ ನೀರು, 200 ಗ್ರಾಂ ಒಣ ಪದಾರ್ಥ. ಒಣ ಪದಾರ್ಥಕ್ಕೆ ಕಿಲೊಗೆ 3300 ಕಿಲೊಕ್ಯಾಲರಿ ಶಾಖವಿದೆ ಎಂದು ಉದಾರವಾಗಿಯೇ ಹಿಡಿದರೂ ನಮಗೆ ಸಿಗುವುದು 660. ಆ 800 ಗ್ರಾಂ ನೀರನ್ನು ಆವಿ ಮಾಡುವುದಕ್ಕೆ ಸುಮಾರು 465 ಹೋಯಿತು. ಆವಿಯಾದ ನೀರು ಅಲ್ಲಿಗೆ ನಿಲ್ಲುವುದಿಲ್ಲ. ಕುಲುಮೆಯ ಅನಿಲದ ಜೊತೆಗೆ ಅದೂ 900 ಡಿಗ್ರಿಯ ಆಸುಪಾಸಿಗೆ ಬಿಸಿಯಾಗಬೇಕು, ಅದಕ್ಕೆ ಇನ್ನೂ 350. ಒಟ್ಟು 815. ಅಂದರೆ ಪ್ರತಿ ಕಿಲೊ ಕೇಕ್ ತನ್ನ ಶಾಖವನ್ನೆಲ್ಲ ಸುಟ್ಟುಕೊಂಡು, ಪಕ್ಕದ ಕಸದ ಶಾಖದಿಂದಲೂ 155 ಕಿಲೊಕ್ಯಾಲರಿ ಕಿತ್ತುಕೊಳ್ಳುತ್ತದೆ. ಗಾಳಿಯನ್ನು ಬಿಸಿ ಮಾಡುವ ಖರ್ಚನ್ನು ಇಲ್ಲಿ ಸೇರಿಸಿಯೇ ಇಲ್ಲ.

ಅದೇ ಕೆಸರನ್ನು ನೀರಿನ ಅಂಶ 40ಕ್ಕೆ ಇಳಿಯುವವರೆಗೆ ಒಣಗಿಸಿ ತಂದರೆ ಇದೇ ಲೆಕ್ಕದಲ್ಲಿ ಕಿಲೊಗೆ 1500ಕ್ಕೂ ಹೆಚ್ಚು ಉಳಿಯುತ್ತದೆ. ಆದ್ದರಿಂದ ಕಸದ ಜೊತೆ ಸುಡುವುದರಿಂದ ಶಕ್ತಿ ಉಳಿಯುತ್ತದೆಯೇ ಎಂದು ಕೇಳುವುದಕ್ಕೆ ಮೊದಲು, ನೀರನ್ನು ಯಾರು, ಯಾವ ಖರ್ಚಿನಲ್ಲಿ ತೆಗೆಯುತ್ತಾರೆ ಎಂದು ಕೇಳಬೇಕು.

ರಸಾಯನ ಟೀಚರ್

ಜೆಇ ಸರ್, ನಿಮ್ಮ ಲೆಕ್ಕದ ದಾರಿ ಸರಿಯಾಗಿದೆ, ಆದರೆ 3300 ಎಂಬ ಅಂಕಿಯನ್ನು ಒಪ್ಪುವುದು ಕಷ್ಟ. ಅದು ಜೀರ್ಣವಾಗದ, ಅಂದರೆ ಕೊಳೆಯಿಸಿ ಗ್ಯಾಸ್ ತೆಗೆಯದ, ಹಸಿ ಕೆಸರಿಗೆ ಹೊಂದುವ ಅಂಕಿ. ನಮ್ಮ ಊರಿನ ಚರಂಡಿಗೆ ರಸ್ತೆಯ ಮಣ್ಣು, ಮನೆ ಕಟ್ಟುವವರ ಉಸುಕು, ಪಾತ್ರೆ ತಿಕ್ಕಿದ ಬೂದಿ ಎಲ್ಲವೂ ಸೇರುತ್ತವೆ. ಒಣ ಪದಾರ್ಥದಲ್ಲಿ ಅರ್ಧದಷ್ಟು ಸುಡದೆ ಬೂದಿಯಾಗಿಯೇ ಉಳಿಯುವುದು ಅಪರೂಪವಲ್ಲ. 2400 ಎಂದು ಹಿಡಿಯಿರಿ, ಆಗ ಒಂದು ಕಿಲೊ ಕೇಕ್‌ನಿಂದ 480 ಬರುತ್ತದೆ, ನೀರನ್ನು ಆವಿ ಮಾಡುವುದಕ್ಕೇ 465 ಹೋಗುತ್ತದೆ. ನೀರು ಕುದಿಸಿದ ಪುಣ್ಯ ಬಿಟ್ಟರೆ ಬೇರೇನೂ ದಕ್ಕಲಿಲ್ಲ.

ನಿವೃತ್ತ ಜೆಇ

ಉದಾರವಾಗಿ ಹಿಡಿದಿದ್ದೇನೆ ಎಂದು ಮೊದಲೇ ಬರೆದಿದ್ದೇನಲ್ಲ ಟೀಚರ್. ವಾದಿಸುವವರಿಗೆ ಅನುಕೂಲವಾದ ಅಂಕಿ ಕೊಟ್ಟರೂ ಲೆಕ್ಕ ನಷ್ಟದಲ್ಲಿಯೇ ಇದೆ ಎಂದು ತೋರಿಸುವುದು ನನ್ನ ಉದ್ದೇಶವಾಗಿತ್ತು.

ಸೇಡಂ ರಸ್ತೆ

ಹಾಗಾದರೆ ಯುರೋಪಿನವರು ದಡ್ಡರೇ? ಅವರು ಸುಡುತ್ತಿರುವುದು ಸುಳ್ಳೇ?

ರಸಾಯನ ಟೀಚರ್

ಸುಳ್ಳಲ್ಲ, ಆದರೆ ಅವರು ಸುಡುವ ರೀತಿಯೇ ಬೇರೆ. ಅಲ್ಲಿಯ ಮನೆಕಸದಲ್ಲಿ ಕಾಗದ, ಪ್ಯಾಕಿಂಗ್, ಪ್ಲಾಸ್ಟಿಕ್ ಹೆಚ್ಚಿರುವುದರಿಂದ ಅದು ಯಾವ ಇಂಧನದ ನೆರವೂ ಇಲ್ಲದೆ ಉರಿಯುತ್ತದೆ, ಒಂದಿಷ್ಟು ಹಸಿಯನ್ನು ತಾಳಿಕೊಳ್ಳುತ್ತದೆ. ಅಂಥ ಕಸದ ಕುಲುಮೆಗೂ ಹಿಂಡಿದ ಕೆಸರನ್ನು ಸಾಮಾನ್ಯವಾಗಿ ಒಟ್ಟು ತೂಕದ ಶೇ 10ರ ಆಚೆಗೆ ಹಾಕುವುದಿಲ್ಲ. ಅದಕ್ಕೂ ಒಂದು ಕಾರಣವಿದೆ. ಕೆಸರು ಕಸದೊಳಗೆ ಸರಿಯಾಗಿ ಬೆರೆಯದೆ ಉಂಡೆಗಟ್ಟಿದರೆ, ಉಂಡೆಯ ಹೊರಮೈ ಸುಟ್ಟು ಕರಕಲಾಗಿ ಗಟ್ಟಿಯಾಗುತ್ತದೆ, ಒಳಗೆ ಹಸಿ ಹಾಗೆಯೇ ಉಳಿಯುತ್ತದೆ; ಅದು ಜಾಲರಿಯ ಮೇಲೆ ಉರುಳುತ್ತ ಹೋಗಿ ಬೂದಿಯ ಗುಂಡಿಗೆ ಬೀಳುತ್ತದೆ. ಒಡೆದು ನೋಡಿದರೆ ಒಳಗೆ ಅದೇ ವಾಸನೆ. ಆದ್ದರಿಂದ ಹಲವೆಡೆ ಮೊದಲು ಪೂರ್ತಿ ಒಣಗಿಸಿ, ಪುಡಿ ಮಾಡಿ ಊದುತ್ತಾರೆ, ಒಣಗಿಸುವುದಕ್ಕೆ ಕುಲುಮೆಯದೇ ಉಳಿಕೆ ಶಾಖವನ್ನು ಬಳಸುತ್ತಾರೆ.

ಇನ್ನೊಂದು ಸಂಗತಿಯನ್ನು ನಿಮ್ಮ ಸಭೆಯ ಹಿರಿಯರಿಗೆ ತಿಳಿಸಬೇಕು. ಅದೇ ಯುರೋಪ್ ಈಗ ಒಟ್ಟಿಗೆ ಸುಡುವುದರಿಂದ ಹಿಂದೆ ಸರಿಯುತ್ತಿದೆ. ಜರ್ಮನಿ 2017ರಲ್ಲಿ ತನ್ನ ಕೆಸರಿನ ನಿಯಮಗಳನ್ನು ಬದಲಿಸಿ, ದೊಡ್ಡ ಊರುಗಳ ಶುದ್ಧೀಕರಣ ಘಟಕಗಳು 2029ರಿಂದ ಕೆಸರಿನಲ್ಲಿರುವ ರಂಜಕವನ್ನು (ಗೊಬ್ಬರಕ್ಕೆ ಬೇಕಾದ ಫಾಸ್ಫರಸ್) ಮರಳಿ ಪಡೆಯಲೇಬೇಕೆಂದು ಮಾಡಿದೆ. ಕೆಸರನ್ನು ಒಂಟಿಯಾಗಿ ಸುಟ್ಟರೆ ಬೂದಿಯಲ್ಲಿ ರಂಜಕ ಸಾಂದ್ರವಾಗಿ ಉಳಿಯುತ್ತದೆ, ಅದನ್ನು ತೆಗೆಯಬಹುದು. ಮನೆಕಸದ ಬೂದಿಯಲ್ಲಿ ಬೆರೆತುಹೋದರೆ ಮತ್ತೆ ಕೈಗೆ ಸಿಗುವುದಿಲ್ಲ. ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ 2015ರಿಂದ ಕೆಸರಿಗಾಗಿಯೇ ಪ್ರತ್ಯೇಕ ಕುಲುಮೆ ನಡೆಯುತ್ತಿದೆ.

ನಿವೃತ್ತ ಜೆಇ

ಆ ಶೇ 10ರ ಮಿತಿಯನ್ನು ನಮ್ಮ ಊರಿಗೆ ಅನ್ವಯಿಸಿ ನೋಡೋಣ. ಕಲಬುರಗಿಯ ಜನಸಂಖ್ಯೆ 2011ರ ಜನಗಣತಿಯಲ್ಲಿಯೇ ಐದು ಲಕ್ಷ ದಾಟಿತ್ತು. ಲೆಕ್ಕಕ್ಕಾಗಿ ಐದು ಲಕ್ಷವೇ ಇರಲಿ, ಎಲ್ಲ ಮನೆಗಳೂ ಯುಜಿಡಿಗೆ (ಒಳಚರಂಡಿಗೆ) ಸೇರಿವೆ ಎಂದೂ ಇರಲಿ. ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಟ್ಟು ಅದರಲ್ಲಿ ಶೇ 80 ಚರಂಡಿಗೆ ಬರುತ್ತದೆ ಎಂಬುದು ಯೋಜನೆ ಮಾಡುವವರ ಮಾಮೂಲಿ ಸೂತ್ರ. ದಿನಕ್ಕೆ 5.4 ಕೋಟಿ ಲೀಟರ್ ಆಯಿತು. ಹತ್ತು ಲಕ್ಷ ಲೀಟರಿಗೆ 200ರಿಂದ 250 ಕಿಲೊ ಒಣ ಪದಾರ್ಥ ಎಂದರೆ 11ರಿಂದ 13 ಟನ್, ಕೇಕ್ ರೂಪದಲ್ಲಿ 55ರಿಂದ 65 ಟನ್.

ಅದೇ ಐದು ಲಕ್ಷ ಜನ ತಲೆಗೆ 400 ಗ್ರಾಂನಂತೆ ಕಸ ಹಾಕಿದರೆ 200 ಟನ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ, ಅದು ಗೊಬ್ಬರಕ್ಕೆ ಹೋಗಬೇಕಾದದ್ದು. ಉರಿಯಬಲ್ಲ ಒಣ ಕಸ 80 ಟನ್ ಎಂದು ಹಿಡಿದರೆ ಅದು ತಾಳಿಕೊಳ್ಳುವುದು 8 ಟನ್ ಕೇಕ್. ಉಳಿದ 50 ಟನ್ನನ್ನು ಯಾರ ಮನೆಯ ಮುಂದೆ ಸುರಿಯೋಣ?

ಶಹಾಪುರ ಸೀಮೆ

ಯಾದಗಿರಿ ಜಿಲ್ಲೆಯವನಾಗಿ ನನ್ನದೊಂದು ಮಾತು. ನಮ್ಮಲ್ಲಿ ಊರುಗಳು ಚಿಕ್ಕವು, ಬಹಳಷ್ಟು ಕಡೆ ಒಳಚರಂಡಿಯೇ ಇಲ್ಲ, ಗುಂಡಿ ತುಂಬಿದಾಗ ಟ್ಯಾಂಕರ್ ಬಂದು ಎಳೆದುಕೊಂಡು ಹೋಗಿ ಹಳ್ಳದ ದಂಡೆಗೆ ಬಿಟ್ಟುಬರುತ್ತದೆ. ಅಂಥ ಊರಿಗೆ ಕುಲುಮೆಯ ಮಾತು ದೂರದ್ದೇ. ನಿಮ್ಮ ಚರ್ಚೆ ಮಹಾನಗರ ಪಾಲಿಕೆಗೆ ಮಾತ್ರ ಸಂಬಂಧಿಸಿದ್ದೋ, ನಮ್ಮನ್ನೂ ಸೇರಿಸಿಕೊಳ್ಳುತ್ತೀರೋ?

ವಾರ್ಡ್ ಸಭೆ

ದೆಹಲಿಯ ತಿಮಾರ್‌ಪುರದ ಕಥೆಯನ್ನು ಯಾರೂ ಎತ್ತಲಿಲ್ಲವಲ್ಲ! 1987ರಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನ ತಂದು ದಿನಕ್ಕೆ 300 ಟನ್ ಕಸ ಸುಟ್ಟು 3.75 ಮೆಗಾವಾಟ್ ವಿದ್ಯುತ್ ತೆಗೆಯುವ ಸ್ಥಾವರ ಕಟ್ಟಿದರು. ಯಂತ್ರಕ್ಕೆ ಕಿಲೊಗೆ 1460 ಕಿಲೊಕ್ಯಾಲರಿಗೂ ಹೆಚ್ಚು ಶಾಖವಿರುವ ಕಸ ಬೇಕಿತ್ತು, ದೆಹಲಿಯ ಕಸದಲ್ಲಿ ಅದರ ಅರ್ಧವೂ ಇರಲಿಲ್ಲ. ಕೆಲವೇ ವಾರ ನಡೆದು ಸ್ಥಗಿತವಾಯಿತು, 1990ರಲ್ಲಿ ಬಾಗಿಲು ಹಾಕಿದರು. ಅಲ್ಲಿ ಸುಟ್ಟಿದ್ದು ಬರೀ ಮನೆಕಸ, ಚರಂಡಿ ಕೆಸರು ಬೆರೆಸಿರಲಿಲ್ಲ. ಬೆರೆಸಿದ್ದರೆ ಬಹುಶಃ ಉದ್ಘಾಟನೆಯ ದಿನವೇ ಆರುತ್ತಿತ್ತು.

ಸೇಡಂ ರಸ್ತೆ

1987ರ ಉದಾಹರಣೆ ಹಿಡಿದುಕೊಂಡು ಇಂದಿನ ನಿರ್ಧಾರ ಮಾಡುವುದು ನ್ಯಾಯವಲ್ಲ. ಈಗ ಕಸದಲ್ಲಿ ಪ್ಲಾಸ್ಟಿಕ್ ಎಷ್ಟು ಪಾಲು ಹೆಚ್ಚಾಗಿದೆ ನೋಡಿ. ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮವೇ 11.5 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಕಟ್ಟಿದೆ.

ವಾರ್ಡ್ ಸಭೆ

ಅಲ್ಲಿಗೆ ಹೋಗುವುದು ಬೆಂಗಳೂರಿನ ಕಸ, ಅದೂ ದಿನಕ್ಕೆ 600 ಟನ್ ಲೆಕ್ಕದಲ್ಲಿ. ಅಷ್ಟು ಒಣ ಕಸ ಒದಗಿಸಬೇಕಾದರೆ ಕಲಬುರಗಿ, ಬೀದರ, ಯಾದಗಿರಿ, ರಾಯಚೂರು ನಾಲ್ಕನ್ನೂ ಗುಡಿಸಿ ತರಬೇಕು. ಪ್ಲಾಸ್ಟಿಕ್ ಹೆಚ್ಚಾಗಿದೆ ಎಂಬುದು ನಿಜ, ಹಾಗೆಯೇ ಅದರಲ್ಲಿ ಮಾರಬಹುದಾದದ್ದನ್ನು ಆಯುವವರು ಆಯ್ದುಕೊಂಡು ಹೋದ ಮೇಲೆ ಉಳಿಯುವುದು ಸಾರು ಮೆತ್ತಿದ ಕವರ್‌ಗಳು ಎಂಬುದೂ ನಿಜ.

ಕಿಲ್ನ್ ಬದಿಯವ

ಇಷ್ಟು ಹೊತ್ತು ಓದಿದೆ, ಯಾರೂ ಸಿಮೆಂಟ್ ಕಾರ್ಖಾನೆಯ ಹೆಸರೆತ್ತಲಿಲ್ಲ ಎಂಬುದೇ ಆಶ್ಚರ್ಯ. ಹೊಸ ಕುಲುಮೆ ಏಕೆ ಕಟ್ಟಬೇಕು? ನಮ್ಮ ಜಿಲ್ಲೆಯಲ್ಲಿ ವಾಡಿ, ಮಳಖೇಡ, ಸೇಡಂ, ಚಿಂಚೋಳಿ ಎಲ್ಲ ಕಡೆ ಹಗಲಿರುಳು ಉರಿಯುವ ಕಿಲ್ನ್‌ಗಳಿವೆ, ಅಂದರೆ ಸಿಮೆಂಟ್ ಕುಲುಮೆಗಳು. ನಾನು ಕಿಲ್ನ್ ವಿಭಾಗದಲ್ಲಿ ಬಹಳ ವರ್ಷ ದುಡಿದವನು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಿಲ್ನ್‌ನೊಳಗೆ ಸುಣ್ಣದಕಲ್ಲು ಮತ್ತು ಮಣ್ಣಿನ ಮಿಶ್ರಣ 1450 ಡಿಗ್ರಿಗೆ ಕಾಯ್ದು ಕ್ಲಿಂಕರ್ (ಪುಡಿ ಮಾಡಿದರೆ ಸಿಮೆಂಟ್ ಆಗುವ ಗಟ್ಟಿ ಉಂಡೆ) ಆಗುತ್ತದೆ, ಜ್ವಾಲೆ 2000 ಡಿಗ್ರಿಯ ಸಮೀಪ ಇರುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಕಸದ ಕುಲುಮೆಯ ಎರಡನೇ ಕೋಣೆಯಲ್ಲಿ ಕನಿಷ್ಠ 950 ಡಿಗ್ರಿ, ಅನಿಲ ಅಲ್ಲಿ ಕನಿಷ್ಠ ಎರಡು ಸೆಕೆಂಡ್ ನಿಲ್ಲಬೇಕು ಎಂದು ಕೇಳಿದವು. ಕಿಲ್ನ್‌ನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಶಾಖ, ಹೆಚ್ಚು ಹೊತ್ತು ಸಿಗುತ್ತದೆ. ಬೂದಿಯನ್ನು ಎಲ್ಲಿ ಹೂಳುವುದು ಎಂಬ ಪ್ರಶ್ನೆಯೇ ಇಲ್ಲ, ಕೆಸರಿನ ಬೂದಿಯಲ್ಲಿರುವ ಸಿಲಿಕಾ, ಅಲ್ಯುಮಿನಾ, ಕಬ್ಬಿಣ ಎಲ್ಲವೂ ಕ್ಲಿಂಕರ್‌ಗೆ ಬೇಕಾದ ಪದಾರ್ಥಗಳೇ. ಅದೇ ನಿಯಮಗಳಲ್ಲಿ, ಕಸದಿಂದ ಇಂಧನ ತಯಾರಿಸುವ ಆರ್‌ಡಿಎಫ್ ಘಟಕದಿಂದ ನೂರು ಕಿಲೊಮೀಟರಿನೊಳಗೆ ಇರುವ ಕಾರ್ಖಾನೆಗಳು ತಮ್ಮ ಇಂಧನದಲ್ಲಿ ಕನಿಷ್ಠ ಶೇ 5ರಷ್ಟು ಆರ್‌ಡಿಎಫ್ ಬಳಸಬೇಕು ಎಂಬ ಮಾತೂ ಇತ್ತು. ವಾಡಿ, ಮಳಖೇಡ, ಸೇಡಂ ಮೂರೂ ಕಲಬುರಗಿಯಿಂದ ಆ ಅಂತರದೊಳಗೇ ಬರುತ್ತವೆ.

ಆದರೆ ಮೂರು ತೊಡಕುಗಳಿವೆ. ಮನೆಕಸದ ಪಿವಿಸಿ ಮತ್ತು ಉಪ್ಪಿನಿಂದ ಬರುವ ಕ್ಲೋರಿನ್ ಕಚ್ಚಾವಸ್ತುವನ್ನು ಮೊದಲೇ ಬಿಸಿ ಮಾಡುವ ಪ್ರಿಹೀಟರ್‌ನ ಸೈಕ್ಲೋನ್ ಕೊಳವೆಗಳಲ್ಲಿ ಗಟ್ಟಿ ಪದರ ಕಟ್ಟುತ್ತದೆ. ಅದು ಜಾಮ್ ಆದರೆ ಬಿಸಿಯಿರುವಾಗಲೇ ಉದ್ದನೆಯ ಸಲಾಕೆ ಹಿಡಿದು ಬಿಡಿಸುವವರ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಸರಿನ ರಂಜಕ ಮಿತಿ ಮೀರಿದರೆ ಸಿಮೆಂಟ್ ಮೊದಲ ದಿನಗಳಲ್ಲಿ ಬೇಗ ಗಟ್ಟಿಯಾಗುವುದಿಲ್ಲ. ಪಾದರಸವಿದ್ದರೆ ಅದು ಕ್ಲಿಂಕರ್‌ನಲ್ಲಿ ನಿಲ್ಲದೆ ಆವಿಯಾಗಿ ಚಿಮಣಿಯ ದಾರಿ ಹಿಡಿಯುತ್ತದೆ. ಇವೆಲ್ಲವನ್ನೂ ಪರೀಕ್ಷೆ ಮಾಡಿಸಿ, ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ನಿಭಾಯಿಸಬಹುದು. ಹಸಿ ಕೇಕ್ ಮಾತ್ರ ತರಬೇಡಿ, ಯಾವ ಕಾರ್ಖಾನೆಯೂ ಗೇಟಿನೊಳಗೆ ಬಿಡುವುದಿಲ್ಲ.

ಎರೆಮಣ್ಣು

ಅಣ್ಣಾವರೇ, ಇದು ಬಹಳ ಉಪಯೋಗದ ಮಾಹಿತಿ. ಕಲ್ಲಿದ್ದಲು ಎಷ್ಟು ಉಳಿಯುತ್ತದೆ ಎಂದು ಅಂದಾಜು ಹೇಳಬಹುದೇ?

ಕಿಲ್ನ್ ಬದಿಯವ

ಜೆಇ ಸಾಹೇಬರ 13 ಟನ್ ಒಣ ಕೆಸರನ್ನೂ ಟೀಚರ್ ಅವರ 2400ನ್ನೂ ಹಿಡಿಯೋಣ. ಕಿಲೊಗೆ 4000 ಕಿಲೊಕ್ಯಾಲರಿಯ ಕಲ್ಲಿದ್ದಲಿಗೆ ಹೋಲಿಸಿದರೆ ದಿನಕ್ಕೆ 8 ಟನ್ ಕಲ್ಲಿದ್ದಲಿಗೆ ಸ್ವಲ್ಪ ಕಡಿಮೆ. ದಿನಕ್ಕೆ 5000 ಟನ್ ಕ್ಲಿಂಕರ್ ತೆಗೆಯುವ ಒಂದು ಕಿಲ್ನ್‌ಗೆ, ಕಿಲೊ ಕ್ಲಿಂಕರ್‌ಗೆ 700ರಿಂದ 750 ಕಿಲೊಕ್ಯಾಲರಿಯಂತೆ, 900 ಟನ್‌ನಷ್ಟು ಅದೇ ಕಲ್ಲಿದ್ದಲು ಬೇಕು. ಅಂದರೆ ಇಡೀ ಕಲಬುರಗಿ ನಗರದ ಕೆಸರು ಒಂದೇ ಒಂದು ಕಿಲ್ನ್‌ನ ಇಂಧನದಲ್ಲಿ ಶೇ 1ಕ್ಕೂ ಕಡಿಮೆ. ಶಕ್ತಿಯ ಹೆಸರಿನಲ್ಲಿ ಯಾರಾದರೂ ದೊಡ್ಡ ಮಾತಾಡಿದರೆ ಈ ಅಂಕಿ ತೋರಿಸಿ. ಇದರಲ್ಲಿರುವ ಲಾಭ ವಿಲೇವಾರಿಯದು.

ತೊಗರಿ ಕಣಜ

ಸುಡುವ ಮಾತನ್ನೇ ಆಡುತ್ತಿದ್ದೀರಿ, ಹೊಲದ ಮಾತನ್ನು ಯಾರೂ ಆಡಲಿಲ್ಲ. ನಮ್ಮ ಎರೆ ಭೂಮಿಯಲ್ಲಿ ಸಾವಯವ ಅಂಶ ಕಡಿಮೆಯಾಗುತ್ತಿದೆ, ದನಗಳು ಕಡಿಮೆಯಾಗಿ ತಿಪ್ಪೆಗೊಬ್ಬರ ಸಿಗುವುದಿಲ್ಲ, ರಂಜಕವಿರುವ ಡಿಎಪಿ ಗೊಬ್ಬರಕ್ಕೆ ಪ್ರತಿ ಹಂಗಾಮಿನಲ್ಲಿ ಸರದಿಯಲ್ಲಿ ನಿಲ್ಲುತ್ತೇವೆ. ಈ ದೇಶ ಡಿಎಪಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಹೀಗಿರುವಾಗ ರಂಜಕವಿರುವ ಕೆಸರನ್ನು ಸಿಮೆಂಟಿನೊಳಗೆ ಹೂತುಹಾಕುವುದು ಯಾವ ಬುದ್ಧಿವಂತಿಕೆ? ನಮ್ಮ ಕಡೆ ಕೆಲವರು ಎಸ್‌ಟಿಪಿಯಿಂದ ಟ್ರ್ಯಾಕ್ಟರಿನಲ್ಲಿ ತಂದು ಹೊಲಕ್ಕೆ ಹಾಕಿದ್ದಾರೆ, ಜೋಳ ಆಳೆತ್ತರ ಬಂದಿತ್ತು.

ರಸಾಯನ ಟೀಚರ್

ಜೋಳ ಎತ್ತರ ಬಂದದ್ದು ಸಾರಜನಕದಿಂದ, ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಜಂತುಹುಳುವಿನ ಮೊಟ್ಟೆಗಳ ಬಗ್ಗೆ, ಅವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತ ಇರುತ್ತವೆ. ಸೊಪ್ಪು, ಮೂಲಂಗಿ, ಗಜ್ಜರಿ ಬೆಳೆಯುವ ಹೊಲಕ್ಕೆ ಹಸಿ ಕೆಸರು ಹಾಕಬಾರದು. ಹಸಿ ಕಸದ ಜೊತೆ ಬೆರೆಸಿ ಗುಡ್ಡೆಯೊಳಗೆ 55 ಡಿಗ್ರಿಗೂ ಹೆಚ್ಚು ಶಾಖ ಕೆಲವು ದಿನ ನಿಲ್ಲುವಂತೆ ಕೊಳೆಯಿಸಿದರೆ ಆ ಭಯ ಬಹುಮಟ್ಟಿಗೆ ತಪ್ಪುತ್ತದೆ. ದೇವನಹಳ್ಳಿಯಲ್ಲಿ 2015ರಿಂದ ಗುಂಡಿಯ ಮಲಕೆಸರನ್ನು ಸಂಸ್ಕರಿಸುವ ಘಟಕವಿದೆ, ಅಲ್ಲಿ ಒಣಗಿದ ಕೆಸರನ್ನು ಪಟ್ಟಣದ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡಿದ್ದಾರೆ. ಶಹಾಪುರ ಸೀಮೆಯವರೇ, ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ. ಒಳಚರಂಡಿ ಇಲ್ಲದ ಸಣ್ಣ ಪಟ್ಟಣಕ್ಕೆ ಕುಲುಮೆಯ ಯೋಚನೆಯೇ ಬೇಡ, ದೇವನಹಳ್ಳಿಯ ದಾರಿ ಸಾಕು.

ಶಹಾಪುರ ಸೀಮೆ

ಧನ್ಯವಾದಗಳು ಟೀಚರ್. ಆದರೆ ಕಡೇಚೂರಿನ ಕಡೆಯಂತೆ ಕೈಗಾರಿಕೆಗಳಿರುವಲ್ಲಿ ರಾಸಾಯನಿಕ ನೀರು ಚರಂಡಿಗೆ ಸೇರಿದರೆ ಆ ಕೆಸರನ್ನು ಹೊಲಕ್ಕೆ ಹಾಕಬಹುದೇ?

ರಸಾಯನ ಟೀಚರ್

ಹಾಕಬಾರದು. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ ಇವು ಕೊಳೆಯುವುದಿಲ್ಲ, ಮಣ್ಣಿನಲ್ಲಿ ಸೇರಿದರೆ ಅಲ್ಲಿಯೇ ಉಳಿಯುತ್ತವೆ. ಮನೆಗಳ ಚರಂಡಿಯನ್ನೂ ಕಾರ್ಖಾನೆಯ ನೀರನ್ನೂ ಬೇರೆ ಬೇರೆ ಇಡುವುದು ಎಲ್ಲದಕ್ಕಿಂತ ಮೊದಲು ಆಗಬೇಕಾದ ಕೆಲಸ. ಬೆರೆತುಹೋದ ಮೇಲೆ ಸುಡುವುದೂ ಕಷ್ಟ, ಉಳುವುದೂ ಕಷ್ಟ.

ತೊಗರಿ ಕಣಜ

ಬೆರೆಸುವವರು ಅವರು, ಗೊಬ್ಬರ ಕಳೆದುಕೊಳ್ಳುವವರು ನಾವು. ಇದಕ್ಕೂ ಒಂದು ನಿಯಮ ಇರಬೇಕಲ್ಲವೇ?

ಬೀದರ್ ಬಿಸಿಲು

ಇಷ್ಟು ಜನ ಇಷ್ಟು ಲೆಕ್ಕ ಹಾಕಿದರೂ ನಮ್ಮ ಸೀಮೆಯ ದೊಡ್ಡ ಆಸ್ತಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದು ಬಿಸಿಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ, ಗಾಳಿಯೂ ಒಣಗಾಳಿ. ಹಿಂಡುವ ಯಂತ್ರವಿಲ್ಲದ ಒಂದು ಹಳೆಯ ಘಟಕದಲ್ಲಿ ನಾನು ಮೇಲ್ವಿಚಾರಣೆ ನೋಡಿಕೊಂಡಿದ್ದೆ. ಕೆಳಗೆ ಜಲ್ಲಿ, ಮೇಲೆ ಉಸುಕು, ಅದರ ಮೇಲೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಕೆಸರು ಬಿಡುತ್ತಿದ್ದೆವು. ಮೊದಲ ಎರಡು ದಿನ ನೀರು ಉಸುಕಿನ ಮೂಲಕ ಕೆಳಗೆ ಇಳಿಯುತ್ತದೆ. ಆಮೇಲೆ ಮೇಲ್ಮೈ ಕಪ್ಪಾಗಿ ಹೊಳೆಯುತ್ತದೆ, ಅಂಚು ಬಿಡುತ್ತದೆ, ವಾರ ಕಳೆಯುವಷ್ಟರಲ್ಲಿ ನಮ್ಮ ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುವಂತೆ ಬಿರುಕು ಬಿಡುತ್ತದೆ. ಬಿರುಕಿನೊಳಗಿಂದ ಟೊಮೆಟೊ ಸಸಿ ಏಳುತ್ತವೆ, ಏಕೆಂದರೆ ಟೊಮೆಟೊ ಬೀಜ ಮನುಷ್ಯನ ಹೊಟ್ಟೆ, ಚರಂಡಿ, ಎಸ್‌ಟಿಪಿ ಎಲ್ಲವನ್ನೂ ದಾಟಿ ಬಂದು ಮೊಳೆಯುತ್ತದೆ. ಸಸಿ ಬಾಡಿದಾಗ ಕೆಸರು ತೆಗೆಯಲು ಹದವಾಯಿತೆಂದು ಅಲ್ಲಿಯ ಕೆಲಸಗಾರರು ಹೇಳುತ್ತಿದ್ದರು, ಯಾವ ಮೀಟರೂ ಬೇಕಿರಲಿಲ್ಲ. ಬೇಸಿಗೆಯಲ್ಲಿ ಎರಡು ವಾರದೊಳಗೆ ಅರ್ಧಕ್ಕಿಂತ ಹೆಚ್ಚು ಒಣಗಿರುತ್ತಿತ್ತು.

ಈಗ ಜೆಇ ಸರ್ ಅವರ ಲೆಕ್ಕಕ್ಕೇ ಬರುತ್ತೇನೆ. 60 ಟನ್ ಕೇಕ್‌ನಲ್ಲಿ 48 ಟನ್ ನೀರಿದೆ. ಟೀಚರ್ ಅವರ 2400 ಹಿಡಿದರೆ, ಅಷ್ಟನ್ನೂ ಬೆಂಕಿಯಿಂದ ಆವಿ ಮಾಡಲು ಬೇಕಾಗುವ ಶಾಖವೂ ಅದೇ ಕೆಸರನ್ನು ಪೂರ್ತಿ ಸುಟ್ಟರೆ ಬರುವ ಶಾಖವೂ ಹತ್ತಿರ ಹತ್ತಿರ ಒಂದೇ. ಹಾಗಾದರೆ ಬಿಸಿಲಿನಲ್ಲಿ ಒಣಗಿಸಿದ ಪ್ರತಿ ದಿನವೂ ಸೂರ್ಯನಿಂದ ನಮಗೆ ಬರುವ ಉಳಿತಾಯ, ಕೆಸರನ್ನು ಸುಟ್ಟು ಗಳಿಸುವುದರಷ್ಟೇ ಇದೆ. ಯುರೋಪಿನವರಿಗೆ ಈ ಭಾಗ್ಯವಿಲ್ಲ, ಆದ್ದರಿಂದ ಅವರು ಅನಿಲ ಸುಟ್ಟು ಒಣಗಿಸುತ್ತಾರೆ. ನಾವು ಅವರ ಯಂತ್ರವನ್ನು ತರುವ ಮೊದಲು ನಮ್ಮ ಬಿಸಿಲನ್ನು ಬಳಸಬೇಕು.

ನಿವೃತ್ತ ಜೆಇ

ಜಾಗದ ಮಾತನ್ನೂ ಹೇಳಿಬಿಡಿ. ಚದರ ಮೀಟರಿಗೆ ವರ್ಷಕ್ಕೆ 100ರಿಂದ 150 ಕಿಲೊ ಒಣ ಪದಾರ್ಥ ಎಂಬುದು ಇಂಥ ಒಣಗಿಸುವ ಬೆಡ್‌ಗಳ ರೂಢಿಯ ಅಳತೆ. ದಿನಕ್ಕೆ 13 ಟನ್‌ಗೆ ಎಂಟರಿಂದ ಹನ್ನೆರಡು ಎಕರೆ ಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಂದರೆ ಒಣಗಿದ್ದೂ ನೆನೆಯುತ್ತದೆ. ಅದಕ್ಕೆ ಪಾರದರ್ಶಕ ಚಾವಣಿ ಬೇಕು, ಗಾಳಿ ಆಡಬೇಕು, ತಿರುವಿ ಹಾಕುವ ವ್ಯವಸ್ಥೆ ಬೇಕು. ಇಷ್ಟಾದರೂ ಕುಲುಮೆ ಕಟ್ಟುವುದಕ್ಕಿಂತ ಬಹಳ ಅಗ್ಗ ಎಂಬುದನ್ನು ಒಪ್ಪುತ್ತೇನೆ.

ಫರಸಿಕಲ್ಲು

ಜಾಗ ಬೇಕೆಂದರೆ ಶಹಾಬಾದ್, ಚಿತ್ತಾಪುರದ ಕಡೆ ಕಲ್ಲು ತೆಗೆದು ಬಿಟ್ಟ ಖಣಿಗಳು ಎಷ್ಟೋ ಇವೆ. ಕೆಸರನ್ನು ಅಲ್ಲಿಗೇ ಸುರಿದರೆ ಒಣಗಿಸುವ ಗೋಜೂ ಇಲ್ಲ, ಸುಡುವ ಗೋಜೂ ಇಲ್ಲ, ಗುಂಡಿಯೂ ತುಂಬುತ್ತದೆ.

ರಸಾಯನ ಟೀಚರ್

ದಯವಿಟ್ಟು ಈ ಮಾತನ್ನು ಯಾವ ಸಭೆಯಲ್ಲಿಯೂ ಹೇಳಬೇಡಿ. ಅದು ಪದರ ಪದರವಾದ ಸುಣ್ಣದಕಲ್ಲು, ಸಂದುಗಳಲ್ಲಿ ನೀರು ನೇರವಾಗಿ ಇಳಿದುಹೋಗುತ್ತದೆ. ಖಣಿಯಲ್ಲಿ ಸುರಿದದ್ದು ಸುತ್ತಲಿನ ಹಳ್ಳಿಗಳ ಬಾವಿಗೆ, ಬೋರ್‌ವೆಲ್‌ಗೆ ನೈಟ್ರೇಟ್ ಆಗಿ ಬರುತ್ತದೆ.

ಫರಸಿಕಲ್ಲು

ಹಾಗಾದರೆ ಒಣಗಿಸುವ ಬೆಡ್‌ಗೆ ಫರಸಿಯನ್ನಾದರೂ ಹಾಸಿ, ನಮ್ಮ ಕಲ್ಲಿಗೆ ಅಷ್ಟಾದರೂ ವ್ಯಾಪಾರವಾಗಲಿ.

ಬೀದರ್ ಬಿಸಿಲು

ಇದನ್ನು ತಮಾಷೆಗೆ ಹೇಳಿದರೂ ಉಪಯೋಗದ ಮಾತೇ. ಉಸುಕಿನ ಬೆಡ್‌ನಲ್ಲಿ ಪ್ರತಿ ಸಲ ಕೆಸರಿನ ಜೊತೆ ಒಂದಿಷ್ಟು ಉಸುಕೂ ಹೋಗುತ್ತದೆ, ಬೂದಿ ಹೆಚ್ಚುತ್ತದೆ. ಬದಿಗಳಲ್ಲಿ ಗಟ್ಟಿ ನೆಲ, ನಡುವೆ ನೀರು ಇಳಿಯುವ ಉಸುಕಿನ ಪಟ್ಟಿ ಇಟ್ಟರೆ ಸಣ್ಣ ಲೋಡರ್ ಯಂತ್ರ ಓಡಾಡಬಹುದು.

ವಾರ್ಡ್ ಸಭೆ

ಲೋಡರ್ ಎಂದಿರಿ, ಒಳ್ಳೆಯದಾಯಿತು. ಟೊಮೆಟೊ ಸಸಿಯ ಕಥೆ ಸೊಗಸಾಗಿದೆ, ಆದರೆ ಆ ಬಿರುಕು ಬಿಟ್ಟ ಕೆಸರನ್ನು ಕೆರೆದು ಬುಟ್ಟಿಗೆ ತುಂಬುತ್ತಿದ್ದವರು ಯಾರು, ಅವರ ಕೈಗೆ ಗವಸು ಇತ್ತೇ, ಕಾಲಿಗೆ ಬೂಟು ಇತ್ತೇ ಎಂದು ಕೇಳದೆ ಇರಲಾರೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಕಾನೂನು 2013ರಲ್ಲಿ ಬಂದಿದೆ. ‘ಕೆಸರು’ ಎಂದು ಕರೆದುಬಿಟ್ಟರೆ ಅದೇ ಕೆಲಸವನ್ನು ಅದೇ ಜನರ ಕೈಯಲ್ಲಿ ಮಾಡಿಸಬಹುದು ಎಂದಾಗಬಾರದು. ಬಿಸಿಲು ಉಚಿತ ಎಂದು ಲೆಕ್ಕ ಹಾಕುವಾಗ ಆ ಬಿಸಿಲಿನಲ್ಲಿ ನಿಲ್ಲುವವರ ಕೂಲಿ, ಯಂತ್ರ, ಆರೋಗ್ಯ ತಪಾಸಣೆ ಇವನ್ನೂ ಅದೇ ಹಾಳೆಯಲ್ಲಿ ಬರೆಯಿರಿ.

ಬೀದರ್ ಬಿಸಿಲು

ನಿಮ್ಮ ಮಾತು ನ್ಯಾಯವಾದದ್ದು. ಯಂತ್ರವಿಲ್ಲದೆ ಈ ಬೆಡ್‌ಗಳನ್ನು ಇಂದು ಕಟ್ಟಲೇಬಾರದು ಎಂಬುದು ನನ್ನ ಅಭಿಪ್ರಾಯವೂ ಹೌದು.

ಕಿಲ್ನ್ ಬದಿಯವ

ಒಣಗಿಸಿದ ಮೇಲಿನ ಎಚ್ಚರಿಕೆಯನ್ನೂ ಹೇಳುತ್ತೇನೆ. ಚೆನ್ನಾಗಿ ಒಣಗಿದ ಕೆಸರಿನ ಗುಡ್ಡೆ ಒಳಗೊಳಗೇ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಹುದು, ಪುಡಿ ಗಾಳಿಯಲ್ಲಿ ಹಾರಿದರೆ ಕಿಡಿ ತಾಗಿ ಸಿಡಿಯಲೂಬಹುದು. ಎತ್ತರದ ಗುಡ್ಡೆ ಹಾಕಬಾರದು, ಹೆಚ್ಚು ದಿನ ಇಡಬಾರದು.

ಸೇಡಂ ರಸ್ತೆ

ಸರಿ, ಒಪ್ಪಿದೆ ಎಂದೇ ಇಟ್ಟುಕೊಳ್ಳಿ. ಆದರೆ ಕೆಸರಿನಿಂದ ಮೊದಲು ಗ್ಯಾಸ್ ತೆಗೆದು, ಆಮೇಲೆ ಒಣಗಿಸಿ ಸುಟ್ಟರೆ ಎರಡು ಸಲ ಲಾಭ ಅಲ್ಲವೇ? ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಎಸ್‌ಟಿಪಿಯಲ್ಲಿ ಗ್ಯಾಸ್‌ನಿಂದ ವಿದ್ಯುತ್ ತೆಗೆಯುತ್ತಾರೆ ಎಂದು ಓದಿದ್ದೇನೆ.

ನಿವೃತ್ತ ಜೆಇ

ಶಾಖ ಇರುವುದು ಒಂದೇ. ಗ್ಯಾಸ್ ಆಗಿ ಹೋದದ್ದು ಕೆಸರಿನಲ್ಲಿ ಉಳಿಯುವುದಿಲ್ಲ, ಆದ್ದರಿಂದ ಜೀರ್ಣವಾದ ಕೆಸರಿನ ಸುಡುವ ಬೆಲೆ ಇನ್ನೂ ಇಳಿಯುತ್ತದೆ. ಆದರೂ ನನಗೆ ಆ ದಾರಿಯೇ ಹೆಚ್ಚು ಸರಿ ಎನ್ನಿಸುತ್ತದೆ, ಏಕೆಂದರೆ ಗ್ಯಾಸ್ ತೆಗೆಯಲು ಕೆಸರನ್ನು ಒಣಗಿಸಬೇಕಿಲ್ಲ, ಹಸಿ ಕೆಸರೇ ಬೇಕು. ಹಸಿ ಕಸವನ್ನೂ ಅದೇ ಡೈಜೆಸ್ಟರ್‌ಗೆ (ಗಾಳಿಯಿಲ್ಲದೆ ಕೊಳೆಯಿಸಿ ಗ್ಯಾಸ್ ತೆಗೆಯುವ ತೊಟ್ಟಿಗೆ) ಹಾಕಬಹುದು. ನಿಮ್ಮ ಸಭೆಯ ಹಿರಿಯರಿಗೆ ಎರಡನ್ನೂ ಒಟ್ಟಿಗೆ ಸೇರಿಸಲೇಬೇಕೆಂಬ ಆಸೆಯಿದ್ದರೆ ಬೆಂಕಿಯಲ್ಲಿ ಸೇರಿಸುವ ಬದಲು ಡೈಜೆಸ್ಟರ್‌ನಲ್ಲಿ ಸೇರಿಸಲಿ. ಆದರೆ ನಮ್ಮ ಕಡೆ ಹೊಸದಾಗಿ ಕಟ್ಟುವ ಎಸ್‌ಬಿಆರ್ ಮಾದರಿಯ (ಒಂದೇ ತೊಟ್ಟಿಯಲ್ಲಿ ಸರದಿಯಂತೆ ಶುದ್ಧೀಕರಿಸುವ) ಘಟಕಗಳಲ್ಲಿ ಸಾಮಾನ್ಯವಾಗಿ ಡೈಜೆಸ್ಟರ್ ಇರುವುದಿಲ್ಲ, ಗಾಳಿ ಊದಿ ಊದಿ ಕೆಸರಿನ ಸಾರವನ್ನು ಅಲ್ಲಿಯೇ ಕರಗಿಸಿರುತ್ತಾರೆ. ಆ ಬ್ಲೋವರ್‌ಗಳ ಕರೆಂಟ್ ಬಿಲ್ ನೋಡಿದವರಿಗೆ ಶಕ್ತಿ ಉಳಿತಾಯ ಎಲ್ಲಿಂದ ಆರಂಭವಾಗಬೇಕು ಎಂಬುದು ಗೊತ್ತಿರುತ್ತದೆ.

ಎರೆಮಣ್ಣು

ಎಲ್ಲರಿಗೂ ಧನ್ಯವಾದಗಳು. ಮುಂದಿನ ಸಭೆಗೆ ನಾನು ಬರಿಗೈಯಲ್ಲಿ ಹೋಗುವುದಿಲ್ಲ. ಆದರೆ ಇಲ್ಲಿ 3300 ಮತ್ತು 2400ರ ನಡುವೆ ಜಗಳ ಉಳಿದೇ ಇದೆ. ನಮ್ಮ ಊರಿನ ಕೆಸರಿನದೇ ಅಂಕಿ ಬೇಕು. ಪಾಲಿಕೆಗೆ ಅರ್ಜಿ ಕೊಟ್ಟು ಒಂದು ಮಾದರಿ ಕೇಳೋಣ ಎಂದುಕೊಂಡಿದ್ದೇನೆ. ಎಲ್ಲಿ ಪರೀಕ್ಷೆ ಮಾಡಿಸಬೇಕು?

ರಸಾಯನ ಟೀಚರ್

ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ಸುಟ್ಟಾಗ ಬರುವ ಶಾಖವನ್ನು ಅಳೆಯುವ ಬಾಂಬ್ ಕ್ಯಾಲೊರಿಮೀಟರ್ ಇರುತ್ತದೆ, ವಿದ್ಯಾರ್ಥಿಗಳ ಪ್ರಾಜೆಕ್ಟ್ ಎಂದರೆ ಸಂತೋಷದಿಂದ ಮಾಡಿಕೊಡುತ್ತಾರೆ. ಮಾದರಿಯನ್ನು ಗುಡ್ಡೆಯ ಮೇಲಿನಿಂದ ಮಾತ್ರ ತೆಗೆದುಕೊಳ್ಳಬೇಡಿ, ಅದು ಒಣಗಿರುತ್ತದೆ. ನಾಲ್ಕೈದು ಕಡೆಯಿಂದ ತೆಗೆದು ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಅಂದೇ ತೂಕ ಮಾಡಿಸಿ. 105 ಡಿಗ್ರಿಯ ಓವನ್‌ನಲ್ಲಿ ತೂಕ ಬದಲಾಗದಷ್ಟು ಒಣಗಿಸಿದರೆ ನೀರಿನ ಅಂಶ ತಿಳಿಯುತ್ತದೆ, ಆಮೇಲೆ 550 ಡಿಗ್ರಿಯಲ್ಲಿ ಸುಟ್ಟು ತೂಗಿದರೆ ಬೂದಿಯ ಅಂಶ ತಿಳಿಯುತ್ತದೆ.

ಕಿಲ್ನ್ ಬದಿಯವ

ಕ್ಲೋರಿನ್, ಪಾದರಸ, ರಂಜಕ ಈ ಮೂರನ್ನೂ ಪಟ್ಟಿಗೆ ಸೇರಿಸಿ. ಇವಿಲ್ಲದ ವರದಿಯನ್ನು ಕಾರ್ಖಾನೆಯವರು ನೋಡುವುದೂ ಇಲ್ಲ.

ಸೇಡಂ ರಸ್ತೆ

ಮೇ ತಿಂಗಳಿನ ಒಂದೇ ಮಾದರಿ ಹಿಡಿದುಕೊಂಡು ಸಭೆಗೆ ಹೋಗಬೇಡಿ. ಜುಲೈನಲ್ಲಿ ಮಳೆನೀರು, ಮಣ್ಣು ಎಲ್ಲ ಚರಂಡಿಗೆ ನುಗ್ಗಿದಾಗ ಇನ್ನೊಂದು ತೆಗೆಯಿರಿ. ಅಲ್ಲಿಯವರೆಗೆ ನಾನು 3300ರ ಪಕ್ಷದಲ್ಲಿಯೇ ಇರುತ್ತೇನೆ.